ಹದಿನೈದು ಆಲ್ಬಮ್ಮುಗಳ ಹಿಂದೆ ಒಬ್ಬ ಸಿಡ್

ಪಿಂಕ್ ಫ್ಲಾಯ್ಡ್ ಹಾಡು ಕೇಳದವರೂ ಆ ಬ್ಯಾಂಡಿನ ಟೀ ಶರ್ಟ್ ನೋಡಿರುತ್ತಾರೆ. ಕಪ್ಪು ಬಟ್ಟೆ, ನಡುವೆ ತ್ರಿಕೋನದ ಪ್ರಿಸಂ, ಒಂದು ಕಡೆಯಿಂದ ಬಿಳಿ ಗೆರೆಯಾಗಿ ಹೊಕ್ಕು ಇನ್ನೊಂದು ಕಡೆಯಿಂದ ಕಾಮನಬಿಲ್ಲಾಗಿ ಹೊರಬೀಳುವ ಬೆಳಕು. ಎಂಜಿನಿಯರಿಂಗ್ ಕಾಲೇಜುಗಳಲ್ಲಂತೂ ಪ್ರಿಸಂ ಫಿಸಿಕ್ಸ್ ಲ್ಯಾಬಿಗಿಂತ ಹೆಚ್ಚಾಗಿ ಕಾಣಸಿಗುವುದು ಹುಡುಗರ ಎದೆಯ ಮೇಲೆಯೇ! ಅದು 1973ರಲ್ಲಿ ಬಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ಮಿನ ಮುಖಪುಟ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಕೂತಿದ್ದ ಆಲ್ಬಂ ಅದು.

ಹೊಸದಾಗಿ ಈ ಬ್ಯಾಂಡಿನ ಕಡೆ ಬರುವ ಎಲ್ಲರಂತೆ ನಾನೂ ಅಲ್ಲಿಂದಲೇ ಶುರು ಮಾಡಿದೆ. ಆಮೇಲೆ 'ವಿಶ್ ಯು ವರ್ ಹಿಯರ್', ಆಮೇಲೆ 'ದಿ ವಾಲ್'. ಪ್ರೊಗ್ರೆಸಿವ್ ರಾಕ್ ಅಂದರೆ ಬಸ್ಸಿನಲ್ಲಿ ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಹೋಗುವಷ್ಟರಲ್ಲಿ ಮುಗಿಯುವ ಹಾಡಲ್ಲ. 1971ರ 'ಎಕೋಸ್' ಎಂಬ ಒಂದೇ ಹಾಡು 23 ನಿಮಿಷ ಇದೆ. 1967ರಿಂದ 2014ರವರೆಗೆ ಒಟ್ಟು 15 ಸ್ಟುಡಿಯೋ ಆಲ್ಬಂ. ಸೆಮಿಸ್ಟರಿನ ಸಿಲಬಸ್ಸಿನ ಹಾಗೆ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಗೊತ್ತಾಗುವುದಿಲ್ಲ.

ಆದರೆ ಒಂದೊಂದೇ ಆಲ್ಬಂ ಹಿಂದಕ್ಕೆ ಹೋದಂತೆ ವಿಚಿತ್ರವೊಂದು ಕಾಣುತ್ತದೆ. 1973ರ ಆಲ್ಬಮ್ಮಿನಲ್ಲಿ ತಲೆ ಕೆಟ್ಟವನೊಬ್ಬನ ಬಗ್ಗೆ ಹಾಡಿದೆ. 1975ರಲ್ಲಿ ಇಲ್ಲದವನೊಬ್ಬನಿಗಾಗಿಯೇ ಆಲ್ಬಂ ಇದೆ. 1979ರ 'ದಿ ವಾಲ್' ಕತೆಯಲ್ಲಿ ಹೋಟೆಲ್ ರೂಮಿನಲ್ಲಿ ಕೂತು ಕಲ್ಲಾಗಿ ಹೋಗುವ ಗಾಯಕನಿದ್ದಾನೆ. ಇವರೆಲ್ಲರ ಮುಖದಲ್ಲೂ ಒಬ್ಬನೇ ಮನುಷ್ಯನ ಛಾಯೆ. ಆ ಹೊತ್ತಿಗೆ ಅವನು ಬ್ಯಾಂಡಿನ ಫೋಟೊಗಳಲ್ಲಿ ಇರಲಿಲ್ಲ. 15 ಆಲ್ಬಮ್ಮುಗಳ ಪೈಕಿ ಅವನು ಪೂರ್ತಿಯಾಗಿ ಇರುವುದು ಒಂದರಲ್ಲಿ, ಅರೆಬರೆಯಾಗಿ ಇನ್ನೊಂದರಲ್ಲಿ. ಅವನ ಹೆಸರು ಸಿಡ್ ಬ್ಯಾರೆಟ್.

ಇಬ್ಬರು ರೋಜರ್‌ಗಳು

ನಿಜವಾದ ಹೆಸರು ರೋಜರ್ ಕೀತ್ ಬ್ಯಾರೆಟ್. ಹುಟ್ಟಿದ್ದು 1946ರ ಜನವರಿ 6ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ಐದು ಮಕ್ಕಳಲ್ಲಿ ನಾಲ್ಕನೆಯವನು. ಅಪ್ಪ ಮ್ಯಾಕ್ಸ್ ಬ್ಯಾರೆಟ್ ಹೆಸರಾಂತ ಪೆಥಾಲಜಿಸ್ಟ್. ಮನೆಯಲ್ಲಿ ಸಂಗೀತಕ್ಕೂ ಚಿತ್ರಕಲೆಗೂ ಅಡ್ಡಿ ಇರಲಿಲ್ಲ. ಸಿಡ್ ಎನ್ನುವುದು ಹದಿಹರೆಯದಲ್ಲಿ ಅಂಟಿಕೊಂಡ ಅಡ್ಡಹೆಸರು. ಅದೇ ಊರಿನ ಹಳೆಯ ಜಾಝ್ ವಾದಕನೊಬ್ಬನ ಹೆಸರನ್ನು ಸ್ಪೆಲಿಂಗ್ ಬದಲಿಸಿ ಇವನಿಗೆ ಇಟ್ಟಿದ್ದರು.

1961ರ ಡಿಸೆಂಬರಿನಲ್ಲಿ ಅಪ್ಪ ಕ್ಯಾನ್ಸರಿನಿಂದ ತೀರಿಕೊಂಡರು. ಹುಡುಗನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಡೈರಿ ಬರೆಯುವ ಅಭ್ಯಾಸವಿದ್ದ ಅವನು ಆ ದಿನದ ಪುಟವನ್ನು ಮಾತ್ರ ಖಾಲಿ ಬಿಟ್ಟ.

ಅವನು ಓದಿದ ಹೈಸ್ಕೂಲಿನಲ್ಲೇ ಎರಡು ವರ್ಷ ಮುಂದೆ ಇನ್ನೊಬ್ಬ ರೋಜರ್ ಇದ್ದ. ಅವನೇ ರೋಜರ್ ವಾಟರ್ಸ್. ಅವನಿಗೂ ಅಪ್ಪ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೊದಲ್ಲಿ ಆ ಅಪ್ಪ ಸತ್ತಾಗ ವಾಟರ್ಸ್ ಕೆಲವು ತಿಂಗಳ ಕೂಸು. ಮುಂದೆ ವಾಟರ್ಸ್ ತನ್ನ ಅಪ್ಪನ ಸಾವಿನ ಸುತ್ತ ಆಲ್ಬಂ ಮೇಲೆ ಆಲ್ಬಂ ಬರೆದ. ಸಿಡ್‌ನ ಹಾಡುಗಳಲ್ಲಿ ಅಪ್ಪ ಎಲ್ಲೂ ನೇರವಾಗಿ ಬರುವುದಿಲ್ಲ. ಅಲ್ಲಿ ಬರುವುದು ಬೆಕ್ಕು, ಬೆರ್ಚಪ್ಪ, ಕುಳ್ಳ ಗ್ನೋಮ್, ಮಲಗುವ ಮುಂಚೆ ಅಮ್ಮ ಓದಿಹೇಳುವ ಕತೆ.

ಊರಿನ ಟೆಕ್ನಿಕಲ್ ಕಾಲೇಜಿನ ಆರ್ಟ್ ವಿಭಾಗಕ್ಕೆ ಸೇರಿದಾಗ ಸಿಕ್ಕವನು ಡೇವಿಡ್ ಗಿಲ್ಮೋರ್. ಅವನು ಅಲ್ಲಿ ಭಾಷೆಗಳನ್ನು ಓದುತ್ತಿದ್ದ. ಊಟದ ಬಿಡುವಿನಲ್ಲಿ ಇಬ್ಬರೂ ಗಿಟಾರ್ ಹಿಡಿದು ಕೂರುತ್ತಿದ್ದರು. 1965ರ ಬೇಸಿಗೆಯಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಹೋಗಿ ಬೀದಿಯಲ್ಲಿ ಹಾಡಿ ಕಾಸು ಕೇಳಿದ್ದೂ ಉಂಟು. ಈ ಗೆಳೆತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕ್ಲಾಸ್ ಬಿಟ್ಟ ಆರ್ಕಿಟೆಕ್ಟುಗಳು

ನಮ್ಮಂಥವರಿಗೆ ಖುಷಿ ಕೊಡುವ ಸಂಗತಿ ಒಂದಿದೆ. ಪಿಂಕ್ ಫ್ಲಾಯ್ಡ್‌ನ ಮೂವರು, ಅಂದರೆ ವಾಟರ್ಸ್, ಡ್ರಮ್ಸ್ ಬಾರಿಸುವ ನಿಕ್ ಮೇಸನ್, ಕೀಬೋರ್ಡಿನ ರಿಕ್ ರೈಟ್, ಸಿಕ್ಕಿದ್ದು ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನ ಆರ್ಕಿಟೆಕ್ಚರ್ ತರಗತಿಯಲ್ಲಿ. ಸಿಡ್ 1964ರಲ್ಲಿ ಪೇಂಟಿಂಗ್ ಕಲಿಯಲು ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಗೆ ಬಂದ. ಊರಿನ ಪರಿಚಯದ ಮೇಲೆ ಇವರ ಜತೆ ಸೇರಿಕೊಂಡ. ಆಗ ಬ್ಯಾಂಡಿಗೆ ಟೀ ಸೆಟ್ ಎಂಬ ಹೆಸರಿತ್ತು. ಒಂದು ಕಾರ್ಯಕ್ರಮಕ್ಕೆ ಹೋದರೆ ಅದೇ ಹೆಸರಿನ ಇನ್ನೊಂದು ಬ್ಯಾಂಡ್ ಅಲ್ಲಿತ್ತು! ಸಿಡ್ ತನಗೆ ಇಷ್ಟವಾಗಿದ್ದ ಇಬ್ಬರು ಅಮೆರಿಕನ್ ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿದ. ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್. ಹೀಗೆ ಹುಟ್ಟಿತು ಪಿಂಕ್ ಫ್ಲಾಯ್ಡ್. ಹೆಸರಿಟ್ಟವನು ಹೋದರೂ ಹೆಸರು ಉಳಿಯಿತು.

ಮೊದಮೊದಲು ಎಲ್ಲರ ಹಾಗೆ ಬ್ಲೂಸ್ ಹಾಡುಗಳನ್ನೇ ನುಡಿಸುತ್ತಿದ್ದರು. ಬದಲಾಯಿಸಿದ್ದು ಸಿಡ್‌ನ ಕೈ. ಅವನು ಸಿಗರೇಟ್ ಲೈಟರನ್ನು ಗಿಟಾರ್ ತಂತಿಗಳ ಮೇಲೆ ಜಾರಿಸುತ್ತಿದ್ದ. ಆ ಸದ್ದನ್ನು ಬಿನ್ಸನ್ ಎಕೊರೆಕ್ ಎಂಬ ಇಟಲಿಯ ಯಂತ್ರಕ್ಕೆ ಕಳಿಸುತ್ತಿದ್ದ. ಇದರ ಒಳಗಿನ ಕೆಲಸ ಚೆಂದ. ಆ ಕಾಲದ ಬಹಳಷ್ಟು ಎಕೋ ಯಂತ್ರಗಳಲ್ಲಿ ಟೇಪ್ ಸುತ್ತುತ್ತಿತ್ತು. ಇದರಲ್ಲಿ ಟೇಪಿನ ಬದಲು ತಿರುಗುವ ಒಂದು ಲೋಹದ ಚಕ್ರ. ಒಂದು ಹೆಡ್ ಅದರ ಮೇಲೆ ಸದ್ದನ್ನು ಬರೆಯುತ್ತದೆ, ಅಲ್ಲಲ್ಲಿ ಕೂತ ಬೇರೆ ಹೆಡ್‌ಗಳು ಸ್ವಲ್ಪ ತಡವಾಗಿ ಅದನ್ನೇ ಓದುತ್ತವೆ. ಹೆಡ್‌ಗಳ ನಡುವಿನ ದೂರವೇ ಎಕೋ. ನಾವು ಸಿಗ್ನಲ್ಸ್ ಪೇಪರಿನಲ್ಲಿ ಡಿಲೇ ಎಂದು ಬರೆದು ಮಾರ್ಕ್ಸ್ ತೆಗೆದುಕೊಳ್ಳುವುದನ್ನು ಈತ ಬಾಹ್ಯಾಕಾಶದ ಸದ್ದು ಮಾಡಿಬಿಟ್ಟ. ಮುಂದೆ ಗಿಲ್ಮೋರ್ ಕೂಡ ಇದೇ ಯಂತ್ರ ಬಳಸಿದ.

1966ರ ಕೊನೆಯಲ್ಲಿ ಲಂಡನ್ನಿನಲ್ಲಿ ಯುಎಫ್‌ಒ ಎಂಬ ಕ್ಲಬ್ ಶುರುವಾಯಿತು. ರಾತ್ರಿ ಪೂರ್ತಿ ನಡೆಯುವ ಅಲ್ಲಿನ ಕಾರ್ಯಕ್ರಮಗಳಲ್ಲಿ ಬಣ್ಣದ ಬೆಳಕಿನ ಚಿತ್ತಾರದ ನಡುವೆ ಈ ನಾಲ್ವರು ನುಡಿಸುತ್ತಿದ್ದರು. ಹಾಡೊಂದು ಎಲ್ಲಿ ಮುಗಿಯುತ್ತದೆ ಎಂದು ನುಡಿಸುವವರಿಗೂ ಗೊತ್ತಿರುತ್ತಿರಲಿಲ್ಲ.

ಒಂದೇ ವರ್ಷ

1967 ಸಿಡ್‌ನ ವರ್ಷ. ಮಾರ್ಚ್‌ನಲ್ಲಿ 'ಆರ್ನಾಲ್ಡ್ ಲೇನ್' ಬಂತು. ಒಣಹಾಕಿದ ಹೆಂಗಸರ ಬಟ್ಟೆ ಕದಿಯುವವನೊಬ್ಬನ ಕತೆ ಅದು. ರೇಡಿಯೋ ಲಂಡನ್ ಅದನ್ನು ಹಾಕಲು ಒಪ್ಪಲಿಲ್ಲ, ಆದರೂ ಬ್ರಿಟಿಷ್ ಪಟ್ಟಿಯಲ್ಲಿ 20ಕ್ಕೆ ಏರಿತು. ಜೂನ್‌ನಲ್ಲಿ 'ಸೀ ಎಮಿಲಿ ಪ್ಲೇ' 6ಕ್ಕೆ ಹೋಯಿತು. ಆಗಸ್ಟ್‌ನಲ್ಲಿ ಮೊದಲ ಆಲ್ಬಂ 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್'. ಹೆಸರು ತೆಗೆದುಕೊಂಡಿದ್ದು 'ದಿ ವಿಂಡ್ ಇನ್ ದಿ ವಿಲೋಸ್' ಎಂಬ ಮಕ್ಕಳ ಪುಸ್ತಕದ ಒಂದು ಅಧ್ಯಾಯದಿಂದ. ಇವರು ಅಬೇ ರೋಡಿನ ಇಎಂಐ ಸ್ಟುಡಿಯೋದಲ್ಲಿ ಇದನ್ನು ರೆಕಾರ್ಡ್ ಮಾಡುವಾಗ ಅದೇ ಕಟ್ಟಡದಲ್ಲಿ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ಮಾಡುತ್ತಿದ್ದರು. ಹನ್ನೊಂದು ಹಾಡುಗಳಲ್ಲಿ ಎಂಟು ಸಿಡ್ ಒಬ್ಬನೇ ಬರೆದವು. ಆಗ ಅವನಿಗೆ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವನು.

'ಡಾರ್ಕ್ ಸೈಡ್' ಕೇಳಿ ಬಂದವರಿಗೆ ಈ ಆಲ್ಬಂ ಮೊದಲ ಸಲ ಬೇರೆಯೇ ಬ್ಯಾಂಡ್ ಅನ್ನಿಸುತ್ತದೆ. ಅಲ್ಲಿ ನಿಧಾನ, ಗಾಂಭೀರ್ಯ. ಇಲ್ಲಿ ಕಿಡಿಗೇಡಿತನ, ಗಡಿಯಾರದ ಸದ್ದು, ಬಾತುಕೋಳಿಗಳಂತೆ ಕೂಗುವ ಟೇಪು. ಮೊದಲ ಹಾಡು ಗ್ರಹಗಳ ಕಡೆ ಹೋಗುತ್ತದೆ, ಕೊನೆಯದು ಒಂದು ಸೈಕಲ್ಲಿನ ಬಗ್ಗೆ. ಎರಡೂ ಅವನಿಗೆ ಒಂದೇ ದೂರದಲ್ಲಿದ್ದವು.

ಅದೇ ವರ್ಷದ ಎರಡನೇ ಅರ್ಧದಲ್ಲಿ ಅವನು ಕುಸಿಯತೊಡಗಿದ. ಎಲ್‌ಎಸ್‌ಡಿ ಎಂಬ ಮಾದಕ ವಸ್ತುವನ್ನು ಲಂಡನ್ನಿನ ಆ ವಲಯದಲ್ಲಿ ಬಹಳ ಮಂದಿ ತೆಗೆದುಕೊಳ್ಳುತ್ತಿದ್ದರು. ಸಿಡ್ ಮಿತಿಮೀರಿ ತೆಗೆದುಕೊಂಡ. ಕುಸಿತಕ್ಕೆ ಅದೊಂದೇ ಕಾರಣ ಎನ್ನುವವರಿದ್ದಾರೆ. ಒಳಗೆ ಮೊದಲೇ ಇದ್ದ ಬಿರುಕನ್ನು ಅದು ಅಗಲ ಮಾಡಿತು ಎನ್ನುವವರೂ ಇದ್ದಾರೆ. ದಿಢೀರ್ ಬಂದ ಹೆಸರು, ದಿನಬೆಳಗಾದರೆ ಕಾರ್ಯಕ್ರಮ, ಇನ್ನೊಂದು ಹಿಟ್ ಕೊಡು ಎಂಬ ಒತ್ತಡ, ಇವೂ ಸೇರಿದ್ದವು. ವೇದಿಕೆಯ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದ. ಇಲ್ಲವೇ ರಾತ್ರಿಯಿಡೀ ಒಂದೇ ಕಾರ್ಡ್ ಬಾರಿಸುತ್ತಿದ್ದ. ನವೆಂಬರಿನ ಅಮೆರಿಕ ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಿ ವಾಪಸ್ ಬರಬೇಕಾಯಿತು.

ಗೆಳೆಯರು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಆ ಕಾಲದ ಪ್ರಸಿದ್ಧ ಮನೋವೈದ್ಯ ಆರ್.ಡಿ. ಲೈಂಗ್ ಅವರ ಬಳಿ ಕರೆದೊಯ್ದರು. ಸಿಡ್ ಕಾರಿನಿಂದ ಇಳಿಯಲೇ ಇಲ್ಲ.

ಆ ದಿನ ಕಾರು ನಿಲ್ಲಲಿಲ್ಲ

ಸಿಡ್ ನುಡಿಸದಿದ್ದರೆ ಆ ಜಾಗ ತುಂಬಲಿ ಎಂದು ಐದನೆಯವನನ್ನು ಕರೆತಂದರು. ಆ ಐದನೆಯವನು ಬೇರೆ ಯಾರೂ ಅಲ್ಲ, ಕೇಂಬ್ರಿಡ್ಜ್‌ನ ಗೆಳೆಯ ಡೇವಿಡ್ ಗಿಲ್ಮೋರ್. ಸಿಡ್ ಮನೆಯಲ್ಲೇ ಇದ್ದು ಹಾಡು ಬರೆಯಲಿ, ಉಳಿದವರು ವೇದಿಕೆಯಲ್ಲಿ ನುಡಿಸಲಿ ಎಂಬ ಯೋಚನೆಯೂ ಇತ್ತು. 1968ರ ಜನವರಿಯಲ್ಲಿ ಐವರೂ ಕೂಡಿ ಕೆಲವೇ ಕಾರ್ಯಕ್ರಮ ಕೊಟ್ಟರು. ಒಂದು ಪ್ರಾಕ್ಟೀಸಿನಲ್ಲಿ ಸಿಡ್ ಹೊಸ ಹಾಡು ಕಲಿಸಲು ಕೂತ. ಇವರು ಕಲಿತಂತೆಲ್ಲ ಅವನು ಹಾಡನ್ನು ಬದಲಿಸುತ್ತಲೇ ಹೋದ. ಕಲಿಯುವುದು ಸಾಧ್ಯವೇ ಇರಲಿಲ್ಲ. ಅದು ಹುಚ್ಚೋ, ತನ್ನನ್ನು ಹೊರಹಾಕಲು ಸಿದ್ಧರಾದವರನ್ನು ಅವನು ಆಡಿಸಿದ ಆಟವೋ ಎಂದು ಅಲ್ಲಿದ್ದವರೇ ಆಮೇಲೆ ಯೋಚಿಸಿದ್ದಾರೆ.

ಜನವರಿ 26ರಂದು ಸೌತಾಂಪ್ಟನ್‌ನಲ್ಲಿ ಕಾರ್ಯಕ್ರಮ. ದಾರಿಯಲ್ಲಿ ಸಿಡ್‌ನನ್ನು ಹತ್ತಿಸಿಕೊಳ್ಳಬೇಕಿತ್ತು. ಕಾರಿನಲ್ಲಿದ್ದವರೊಬ್ಬರು ಕರೆದುಕೊಂಡು ಹೋಗಬೇಕಾ ಎಂದು ಕೇಳಿದರು, ಬೇಡ ಎಂದು ಉತ್ತರ ಬಂತು. ಕಾರು ಮುಂದೆ ಹೋಯಿತು. ಪತ್ರವಿಲ್ಲ, ಜಗಳವಿಲ್ಲ, ಮೀಟಿಂಗ್ ಇಲ್ಲ. ಅಧಿಕೃತ ಪ್ರಕಟಣೆ ಬಂದದ್ದು ಏಪ್ರಿಲ್‌ನಲ್ಲಿ. ಅವರ ಮ್ಯಾನೇಜರುಗಳಾದ ಪೀಟರ್ ಜೆನ್ನರ್ ಮತ್ತು ಆಂಡ್ರ್ಯೂ ಕಿಂಗ್ ಬ್ಯಾಂಡ್ ಬಿಟ್ಟು ಸಿಡ್ ಜತೆ ನಿಂತರು. ಭವಿಷ್ಯ ಇರುವುದು ಹಾಡು ಬರೆಯುವವನಲ್ಲಿ ಎಂಬುದು ಅವರ ಲೆಕ್ಕ.

ಈ ಘಟನೆಯನ್ನು ಓದಿದವರಿಗೆ ಸುಲಭವಾಗಿ ಸಿಟ್ಟು ಬರುತ್ತದೆ. ಆದರೆ ವಯಸ್ಸು ನೋಡಿ. ಸಿಡ್‌ಗೆ 22. ಗಿಲ್ಮೋರ್‌ಗೆ 21. ಉಳಿದವರಿಗೆ 24ರ ಆಸುಪಾಸು. ನಮ್ಮ ಫೈನಲ್ ಇಯರ್ ಸೀನಿಯರ್‌ಗಳ, ಕೆಲಸ ಹುಡುಕುತ್ತಿರುವ ಅಣ್ಣಂದಿರ ವಯಸ್ಸು. ಓದು ಬಿಟ್ಟು ಬಂದ ಹುಡುಗರು, ಹೊತ್ತುಕೊಂಡಿದ್ದ ಸಾಲ, ನಡೆಯಲೇಬೇಕಾದ ಕಾರ್ಯಕ್ರಮಗಳು. ಕಣ್ಣೆದುರಿಗೆ ಮುಳುಗುತ್ತಿರುವ ಗೆಳೆಯನನ್ನು ಎತ್ತುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನನ್ನು ಬಿಟ್ಟದ್ದು ಅನಿವಾರ್ಯವಿರಬಹುದು. ಆದರೆ ಅವನ ಮುಖ ನೋಡಿ ಹೇಳದೇ ಬಿಟ್ಟದ್ದು ಅವರನ್ನು ಜೀವನಪೂರ್ತಿ ಕಾಡಿತು. ಮುಂದಿನ ಆಲ್ಬಮ್ಮುಗಳನ್ನು ಕೇಳಿದರೆ ಅದು ಗೊತ್ತಾಗುತ್ತದೆ.

1968ರ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಆಲ್ಬಮ್ಮಿನ ಕೊನೆಯಲ್ಲಿ ಸಿಡ್ ಬರೆದ ಒಂದೇ ಹಾಡಿದೆ, 'ಜಗ್‌ಬ್ಯಾಂಡ್ ಬ್ಲೂಸ್'. ಸಾಲ್ವೇಶನ್ ಆರ್ಮಿಯ ವಾದ್ಯದವರನ್ನು ಕರೆಸಿ, ಅವರಿಗೆ ತೋಚಿದ್ದನ್ನು ನುಡಿಸಲು ಬಿಡಬೇಕು ಎಂದು ಸಿಡ್ ಹಟ ಹಿಡಿದಿದ್ದನಂತೆ. ತಾನಿನ್ನು ಇಲ್ಲಿಲ್ಲ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು ಎಂದು ಆ ಹಾಡು ಕೇಳಿದವರಿಗೆ ಅನ್ನಿಸದೇ ಇರದು.

ಆಮೇಲೆ ಸಿಡ್ 1970ರಲ್ಲಿ ಎರಡು ಆಲ್ಬಂ ಮಾಡಿದ, 'ದಿ ಮ್ಯಾಡ್‌ಕ್ಯಾಪ್ ಲಾಫ್ಸ್' ಮತ್ತು 'ಬ್ಯಾರೆಟ್'. ಮೊದಲನೆಯದನ್ನು ಮುಗಿಸಿಕೊಡಲು ಗಿಲ್ಮೋರ್ ಮತ್ತು ವಾಟರ್ಸ್ ಬಂದರು. ಎರಡನೆಯದಕ್ಕೆ ಗಿಲ್ಮೋರ್ ಮತ್ತು ರೈಟ್. ಸಿಡ್ ಒಂದೇ ಹಾಡನ್ನು ಎರಡು ಸಲ ಒಂದೇ ಥರ ಹಾಡುತ್ತಿರಲಿಲ್ಲ. ಅವನು ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಓಡುತ್ತಾನೆ ಎಂದು ಊಹಿಸುತ್ತಾ ಇವರು ಬೆನ್ನಿಗೆ ನುಡಿಸಬೇಕಿತ್ತು. ಹಾಡು ತಪ್ಪಿದ ಜಾಗಗಳನ್ನೂ ಆಲ್ಬಮ್ಮಿನಲ್ಲಿ ಹಾಗೆಯೇ ಉಳಿಸಿದ್ದಾರೆ. ಕೇಳುವುದು ಕಷ್ಟ. ಆದರೆ ಜೇಮ್ಸ್ ಜಾಯ್ಸ್‌ರ ಕವಿತೆಗೆ ಅವನು ರಾಗ ಹಾಕಿದ 'ಗೋಲ್ಡನ್ ಹೇರ್' ಕೇಳಿದರೆ ಆ ದನಿ ಬಹಳ ಹೊತ್ತು ಬಿಡುವುದಿಲ್ಲ.

ಗುರುತು ಸಿಗದ ಅತಿಥಿ

1975ರ ಜೂನ್ 5. ಅದೇ ಅಬೇ ರೋಡ್. ಬ್ಯಾಂಡ್ ಈಗ ಜಗತ್ತಿನ ಅತಿ ದೊಡ್ಡ ಬ್ಯಾಂಡುಗಳಲ್ಲಿ ಒಂದು. 'ವಿಶ್ ಯು ವರ್ ಹಿಯರ್' ಆಲ್ಬಮ್ಮಿನ ಕೊನೆಯ ಹಂತದ ಕೆಲಸ ನಡೆದಿತ್ತು. ಅದರ ಜೀವಾಳ 'ಶೈನ್ ಆನ್ ಯು ಕ್ರೇಜಿ ಡೈಮಂಡ್'. ಒಂಬತ್ತು ಭಾಗ, ಸುಮಾರು 26 ನಿಮಿಷ, ಪೂರ್ತಿ ಸಿಡ್‌ನ ಬಗ್ಗೆ. ಗಿಲ್ಮೋರ್‌ನ ಗಿಟಾರಿನಿಂದ ಬರುವ ಬರೀ ನಾಲ್ಕು ಸ್ವರಗಳಿಂದ ಹುಟ್ಟಿದ ಹಾಡು.

ಸ್ಟುಡಿಯೋದೊಳಗೆ ದಪ್ಪಗಿನ ಮನುಷ್ಯನೊಬ್ಬ ಬಂದು ನಿಂತಿದ್ದ. ತಲೆ ಬೋಳು, ಹುಬ್ಬುಗಳನ್ನೂ ಬೋಳಿಸಿಕೊಂಡಿದ್ದ. ಯಾರದೋ ಕಡೆಯವನಿರಬೇಕು ಎಂದುಕೊಂಡು ಎಲ್ಲರೂ ತಮ್ಮ ಕೆಲಸ ಮುಂದುವರಿಸಿದರು. ಬಹಳ ಹೊತ್ತಿನ ಮೇಲೆ ಗೊತ್ತಾಯಿತು, ಅವನು ಸಿಡ್. ಏಳು ವರ್ಷದ ಹಿಂದೆ ಕಾರು ಹತ್ತಿಸಿಕೊಳ್ಳದೆ ಬಿಟ್ಟುಬಂದವನು, ಅವನ ಮೇಲೆಯೇ ಹಾಡು ಮಾಡುತ್ತಿರುವ ದಿನ ತಾನಾಗಿ ನಡೆದು ಬಂದಿದ್ದ. ವಾಟರ್ಸ್ ಅತ್ತುಬಿಟ್ಟ. ಸ್ವಲ್ಪ ಹೊತ್ತು ಇದ್ದು ಸಿಡ್ ಯಾರಿಗೂ ಹೇಳದೆ ಹೊರಟುಹೋದ.

ಆ ಹಾಡಿಗೆ ನಮ್ಮ ನೆಲದ ನಂಟೂ ಇದೆ. 2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದು ಕಾರ್ಯಕ್ರಮ ಕೊಟ್ಟಾಗ ಆ ಪ್ರವಾಸದ ಪಟ್ಟಿಯಲ್ಲಿ ಇದೂ ಇತ್ತು.

ಸೈಕಲ್ ಹೊಡೆಯುವ ರೋಜರ್

ಇಲ್ಲಿಗೆ ಸಿಡ್ ಕತೆ ಮುಗಿಯಿತು ಎಂದು ಬಹಳ ಮಂದಿ ಬರೆಯುತ್ತಾರೆ. ಅವನು ಬದುಕಿದ್ದು 60 ವರ್ಷ. ಬ್ಯಾಂಡ್ ಬಿಟ್ಟ ಮೇಲೆ 38 ವರ್ಷ. ರೆಸ್ಯೂಮೆಯಲ್ಲಿ ಒಂದು ವರ್ಷದ ಗ್ಯಾಪ್ ಇದ್ದರೆ ಇಂಟರ್‌ವ್ಯೂನಲ್ಲಿ ನಾಲ್ಕು ಸಲ ಪ್ರಶ್ನೆ ಎದುರಿಸುವ ನಮಗೆ ಇದು ಭಯಂಕರ ಗ್ಯಾಪ್. ಆದರೆ ಬದುಕಿದವನಿಗೆ ಅದು ಗ್ಯಾಪ್ ಅಲ್ಲ, ಬದುಕು.

ಅವನು ಕೇಂಬ್ರಿಡ್ಜ್‌ಗೆ ವಾಪಸಾದ. ಲಂಡನ್ನಿನಿಂದ ಸುಮಾರು 80 ಕಿಲೋಮೀಟರ್ ನಡೆದೇ ಬಂದ ಎನ್ನುತ್ತಾರೆ. ಸಿಡ್ ಎಂಬ ಹೆಸರನ್ನು ಬಿಟ್ಟು ಮತ್ತೆ ರೋಜರ್ ಆದ. ಅಮ್ಮನ ಜತೆ ಇದ್ದ. 1991ರಲ್ಲಿ ಅಮ್ಮ ತೀರಿಕೊಂಡ ಮೇಲೆ ಒಂಟಿಯಾಗಿದ್ದ, ತಂಗಿ ಆಗಾಗ ಬಂದು ನೋಡಿಕೊಳ್ಳುತ್ತಿದ್ದಳು. ತೋಟ ಮಾಡುತ್ತಿದ್ದ, ಸೈಕಲ್ಲಿನಲ್ಲಿ ಅಂಗಡಿಗೆ ಹೋಗಿಬರುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರ ಬಿಡಿಸುತ್ತಿದ್ದ. ಮುಗಿದ ಚಿತ್ರದ ಫೋಟೊ ತೆಗೆದುಕೊಂಡು ಎಷ್ಟೋ ಸಲ ಚಿತ್ರವನ್ನೇ ನಾಶ ಮಾಡುತ್ತಿದ್ದ. ಮಾಡುವುದಷ್ಟೇ ಅವನಿಗೆ ಬೇಕಿತ್ತು.

ಅಭಿಮಾನಿಗಳು, ಪತ್ರಕರ್ತರು ಮನೆ ಬಾಗಿಲು ತಟ್ಟುತ್ತಿದ್ದರು. ಅವನಿಗೆ ಆ ಹಳೆಯ ಕಾಲ ಬೇಡವಾಗಿತ್ತು. ಹಾಗೆಂದು ಆ ವರ್ಷಗಳೆಲ್ಲ ಸುಖವಾಗಿದ್ದವು ಎಂದು ಬಣ್ಣ ಹಚ್ಚುವುದೂ ಸರಿಯಲ್ಲ. ಕಷ್ಟವಿತ್ತು, ಒಂಟಿತನವಿತ್ತು, ಸಕ್ಕರೆ ಕಾಯಿಲೆಯಿತ್ತು. ಕೈಯಲ್ಲಿ ಹಣದ ತೊಂದರೆ ಮಾತ್ರ ಇರಲಿಲ್ಲ. ಅವನ ಹಾಡುಗಳ ರಾಯಲ್ಟಿ ಅವನಿಗೆ ಸೇರುವಂತೆ ಗಿಲ್ಮೋರ್ ನೋಡಿಕೊಂಡ. 2001ರಲ್ಲಿ ಬ್ಯಾಂಡ್ 'ಎಕೋಸ್' ಎಂಬ ಸಂಗ್ರಹ ಹೊರತಂದಾಗ 26 ಹಾಡುಗಳಲ್ಲಿ ಐದು ಸಿಡ್‌ನವು. ಗೆಳೆಯನ ಮುಖ ನೋಡಿ ಹೇಳಲಾಗದ್ದನ್ನು ಹೀಗೆ ಲೆಕ್ಕದ ಪುಸ್ತಕದಲ್ಲಾದರೂ ಹೇಳಿದರು ಅನ್ನಿಸುತ್ತದೆ.

2005ರ ಜುಲೈನಲ್ಲಿ ಲಂಡನ್ನಿನ ಲೈವ್ 8 ಕಾರ್ಯಕ್ರಮಕ್ಕೆ ಜಗಳ ಮರೆತು ನಾಲ್ವರೂ ಒಂದೇ ವೇದಿಕೆಗೆ ಬಂದರು. ವಾಟರ್ಸ್ ಸಿಡ್‌ನನ್ನು ನೆನೆದ. ಮರುವರ್ಷ, 2006ರ ಜುಲೈ 7ರಂದು, ಪ್ಯಾಂಕ್ರಿಯಾಸ್ ಕ್ಯಾನ್ಸರಿನಿಂದ ರೋಜರ್ ಬ್ಯಾರೆಟ್ ತೀರಿಕೊಂಡ.

ಹೊಸಬರಿಗೆ ದಾರಿ

ಕೇಳಬೇಕು ಎನ್ನುವವರಿಗೆ ನನ್ನದೊಂದು ಸಲಹೆ. ಮೊದಲು ಎಲ್ಲರಂತೆ 'ಡಾರ್ಕ್ ಸೈಡ್' ಕೇಳಿ, ಒಂದೇ ಸಲ, ಮಧ್ಯೆ ಶಫಲ್ ಮಾಡದೆ. ಆಮೇಲೆ ನೇರವಾಗಿ 1967ರ 'ಪೈಪರ್'. ಹಿಡಿಸದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ. ಆಮೇಲೆ 'ಜಗ್‌ಬ್ಯಾಂಡ್ ಬ್ಲೂಸ್' ಒಂದೇ ಹಾಡು. ಅಲ್ಲಿಂದ 1971ರ 'ಮೆಡಲ್', ಅದರಲ್ಲೇ ಆ 23 ನಿಮಿಷದ 'ಎಕೋಸ್' ಇದೆ. ಸಿಡ್ ಇಲ್ಲದ ಬ್ಯಾಂಡ್ ತನ್ನ ಕಾಲ ಮೇಲೆ ನಿಂತದ್ದು ಅಲ್ಲಿ ಕೇಳಿಸುತ್ತದೆ. ಕೊನೆಗೆ 'ವಿಶ್ ಯು ವರ್ ಹಿಯರ್'. ಮೊದಲ ಸಲ ಅದನ್ನು ಒಳ್ಳೆಯ ಗಿಟಾರ್ ಎಂದು ಕೇಳಿರುತ್ತೀರಿ. ಈ ಸಲ ಅದು ನಾಲ್ಕು ಮಂದಿ ಒಬ್ಬನಿಗೆ ತಡವಾಗಿ ಬರೆದ ಕಾಗದದ ಹಾಗೆ ಕೇಳಿಸುತ್ತದೆ. ನಿಮ್ಮ ಕ್ಲಾಸಿನಲ್ಲಿ ಇತ್ತೀಚೆಗೆ ಮಾತು ಬಿಟ್ಟ ಗೆಳೆಯನೊಬ್ಬ ಇದ್ದರೆ ಅವನ ಮುಖವೂ ನೆನಪಾಗಬಹುದು. ಆಗ ಇಯರ್‌ಫೋನ್ ತೆಗೆದಿಟ್ಟು ಅವನ ರೂಮಿಗೆ ಹೋಗಿಬನ್ನಿ. ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ.

2006ರ ನವೆಂಬರಿನಲ್ಲಿ ಕೇಂಬ್ರಿಡ್ಜ್‌ನಲ್ಲಿ ರೋಜರ್ ಮನೆಯ ಸಾಮಾನುಗಳ ಹರಾಜು ನಡೆಯಿತು. ಚಿತ್ರಗಳು, ಪುಸ್ತಕಗಳು, ಅವನೇ ಮಾಡಿಕೊಂಡಿದ್ದ ಮರದ ಪೀಠೋಪಕರಣ. ಸುಮಾರು 1.2 ಲಕ್ಷ ಪೌಂಡ್ ಬಂತು. ಆ ಹಣ ಕಲೆ ಓದುವ ವಿದ್ಯಾರ್ಥಿಗಳಿಗೆಂದು ಮೀಸಲಾಯಿತು. ಹರಾಜಾದ ವಸ್ತುಗಳಲ್ಲಿ ಎರಡು ಸೈಕಲ್ಲುಗಳೂ ಇದ್ದವು. 'ಪೈಪರ್' ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಇಪ್ಪತ್ತೊಂದರ ಹುಡುಗ ಹುಡುಗಿಗೆ ತೋರಿಸುವುದೂ ಒಂದು ಸೈಕಲ್ಲನ್ನೇ. ಬ್ಯಾಂಡು, ಹೆಸರು, ಚಿತ್ರ ಎಲ್ಲವನ್ನೂ ಬಿಟ್ಟುಕೊಟ್ಟವನು ಸೈಕಲ್ ಮಾತ್ರ ಕೊನೆಯವರೆಗೂ ಬಿಟ್ಟಿರಲಿಲ್ಲ.